ಹಿಮ್ಮಡಿಗೆ ತೊಡೆಯ ಚರ್ಮ ಒಗ್ಗುವುದಿಲ್ಲ

ಅಂಗಾಲಿನ ಗಾಯಕ್ಕೆ ತೊಡೆಯ ಚರ್ಮ ತೆಗೆದು ಹಚ್ಚಿದರೆ ಆಗಲಿಲ್ಲವೇ ಎಂದು ಕಾರವಾರದಲ್ಲೂ ಕೇಳುತ್ತಾರೆ, ಶಿರಸಿಯಲ್ಲೂ ಕೇಳುತ್ತಾರೆ. ಭಾರ ಬೀಳದ ಜಾಗವಾದರೆ ಆದೀತು. ಮೂಳೆ ಕಾಣುವ ಹಿಮ್ಮಡಿಗೆ ಆಗದು. ಅಂಗಾಲಿನ ದಪ್ಪ ಚರ್ಮವನ್ನು ನಾರಿನ ಎಳೆಗಳು ಕೆಳಗಿನ ಗಟ್ಟಿ ಪೊರೆಗೆ ಬಿಗಿದಿರುತ್ತವೆ. ನಡುವಿನ ಕೊಬ್ಬು ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂತಿರುತ್ತದೆ. ಹಾಗೆ ತೆಗೆದು ಹಚ್ಚಿದ ತೆಳು ಚರ್ಮದ ಗ್ರಾಫ್ಟ್‌ನಲ್ಲಿ ಇದ್ಯಾವುದೂ ಇಲ್ಲ, ಮತ್ತೆ ಒಡೆಯುತ್ತದೆ. ಅಲ್ಲಿ ಬೇಕಾದದ್ದು ತನ್ನದೇ ರಕ್ತನಾಳ ಹೊತ್ತು ಬರುವ ದಪ್ಪ ಚರ್ಮದ ತುಂಡು, ಅಂದರೆ ಫ್ಲಾಪ್.

ಮೊದಲು ಕಣಕಾಲಿನ ಒಳಗಂಟಿನ ಹಿಂದಿನ ನಾಡಿ ನೋಡಬೇಕು. ಬೆರಳಿಗೆ ಸಿಗದಿದ್ದರೆ ರಕ್ತದ ಹರಿವನ್ನು ಶಬ್ದತರಂಗದಿಂದ ಪತ್ತೆಹಚ್ಚುವ ಡಾಪ್ಲರ್. ಸಕ್ಕರೆ ಕಾಯಿಲೆಯವರ ರಕ್ತನಾಳದಲ್ಲಿ ಸುಣ್ಣ ಕಟ್ಟಿರುವುದರಿಂದ ಕಣಕಾಲಿನ ಬಿಪಿ ಹುಸಿಯಾಗಿ ಹೆಚ್ಚು ತೋರುತ್ತದೆ; ಕಾಲಿನ ಹೆಬ್ಬೆರಳಿನ ರಕ್ತದೊತ್ತಡವೇ ಹೆಚ್ಚು ನಂಬಿಕಸ್ತ. ಮೂಳೆಗೆ ಸೋಂಕು ಇಳಿದಿದ್ದರೂ ಮೊದಲ ಎರಡು ವಾರ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ವರ್ಷಗಟ್ಟಲೆ ಮಾಯದ, ಅಂಚು ಉಬ್ಬಿದ ಹುಣ್ಣಾದರೆ ಬಯಾಪ್ಸಿ ಆಗದೆ ಮುಚ್ಚಲೇಬಾರದು, ಕ್ಯಾನ್ಸರ್ ಇದ್ದೀತು.

ಹಿಮ್ಮಡಿಗೆ ನನ್ನ ಮೊದಲ ಆಯ್ಕೆ ಪಾದದ ಒಳಕಮಾನಿನ ಫ್ಲಾಪ್. ಗಾಯದ ಅಳತೆಗೆ ಗಾಜ್ ಬಟ್ಟೆ ಕತ್ತರಿಸಿ ಕಮಾನಿನ ಮೇಲಿಟ್ಟು ಗೆರೆ ಎಳೆಯಿರಿ; ಮುಂದಿನ ಅಂಚು ಬೆರಳ ಬುಡದ ಭಾರ ಹೊರುವ ಜಾಗದಿಂದ ಹಿಂದೆಯೇ ನಿಲ್ಲಬೇಕು. ಆ ಅಂಚನ್ನು ಮೊದಲು ಕತ್ತರಿಸಿ, ಗಟ್ಟಿ ಪೊರೆಯನ್ನೂ ಸೇರಿಸಿ ಎತ್ತುತ್ತ ಹಿಂದೆ ಬನ್ನಿ. ಹೆಬ್ಬೆರಳನ್ನು ಹೊರಸೆಳೆಯುವ ಸ್ನಾಯು ಮತ್ತು ಬೆರಳು ಮಡಚುವ ಗಿಡ್ಡ ಸ್ನಾಯುವಿನ ಸಂದಿಯಲ್ಲಿ ಈ ಫ್ಲಾಪಿಗೆ ರಕ್ತ ಕೊಡುವ ಮೀಡಿಯಲ್ ಪ್ಲಾಂಟರ್ ಧಮನಿ ಸಿಗುತ್ತದೆ. ಪಕ್ಕದ ನರದಿಂದ ಈ ಚರ್ಮಕ್ಕೆ ಬರುವ ಎಳೆಗಳನ್ನಷ್ಟೇ ಬಿಡಿಸಿ ಫ್ಲಾಪ್ ಜೊತೆ ಒಯ್ಯಬೇಕು, ಬೆರಳಿಗೆ ಹೋಗುವ ಮುಖ್ಯ ನರ ಅಲ್ಲೇ ಉಳಿಯಬೇಕು. ಇಲ್ಲಿ ಆತುರ ಸಲ್ಲದು. ಸ್ಪರ್ಶ ಉಳಿದ ಹಿಮ್ಮಡಿ ಮುಳ್ಳು ಚುಚ್ಚಿದರೆ ಹೇಳುತ್ತದೆ. ಕಮಾನು ನೆಲಕ್ಕೆ ತಾಗದ್ದರಿಂದ ಅಲ್ಲಿಗೆ ತೊಡೆಯ ಚರ್ಮ ಸಾಕು. ಹೊಲಿಯುವ ಮೊದಲು ಟೂರ್ನಿಕೆ (ರಕ್ತ ತಡೆಯಲು ಕಾಲಿಗೆ ಬಿಗಿದ ಪಟ್ಟಿ) ಸಡಿಲಿಸಿ ಅಂಚಿನಲ್ಲಿ ರಕ್ತ ಜಿನುಗುವುದನ್ನು ನೋಡಲೇಬೇಕು.

ಕಮಾನಿಗೂ ಪೆಟ್ಟಾಗಿದ್ದರೆ ಮೀನಖಂಡದ ಸೂರಲ್ ಫ್ಲಾಪನ್ನು ಕೆಳಕ್ಕೆ ತಿರುಗಿಸುತ್ತೇವೆ. ತಿರುಗುವ ಬಿಂದು ಹೊರಗಂಟಿನಿಂದ ಸುಮಾರು 5 ಸೆಂ.ಮೀ. ಮೇಲೆ. ಇದರ ಶತ್ರು ಅಭಿಧಮನಿಯ ರಕ್ತ ಕಟ್ಟಿಕೊಳ್ಳುವುದು. ಫ್ಲಾಪಿನ ರಕ್ತನಾಳವಿರುವ ತೊಟ್ಟನ್ನು ಚರ್ಮದಡಿಯ ಇಕ್ಕಟ್ಟಾದ ಸುರಂಗದಲ್ಲಿ ತೂರಿಸುವ ಬದಲು ಚರ್ಮ ಸೀಳಿ ಮಲಗಿಸುವುದೇ ಲೇಸು. ಇನ್ನೂ ದೊಡ್ಡ ಗಾಯಕ್ಕೆ ರಕ್ತನಾಳ ಜೋಡಿಸುವ ಮೈಕ್ರೋಸರ್ಜರಿಯೇ ದಾರಿ.

ಶಸ್ತ್ರಕ್ರಿಯೆಯ ನಂತರ ಫ್ಲಾಪಿನ ರಕ್ತಸಂಚಾರ ನೋಡುವಾಗ ಕಪ್ಪು ಚರ್ಮದಲ್ಲಿ ಬಣ್ಣ ಮೋಸ ಮಾಡುತ್ತದೆ. ಸೂಜಿಮೊನೆ ತಾಗಿಸಿ ನೋಡಿ: ತಟ್ಟನೆ ಕಪ್ಪು ರಕ್ತ ಬಂದರೆ ರಕ್ತ ಹೊರಹೋಗುವ ದಾರಿ ಕಟ್ಟಿದೆ, ಬ್ಯಾಂಡೇಜು ಬಿಚ್ಚಿ, ಬಿಗಿದ ಹೊಲಿಗೆ ತೆಗೆಯಿರಿ. ರಕ್ತವೇ ಬಾರದೆ ತಣ್ಣಗಿದ್ದರೆ ರಕ್ತ ಒಳಬರುವ ದಾರಿ ಕಟ್ಟಿದೆ, ಮತ್ತೆ ಥಿಯೇಟರಿಗೆ.

ಸುಮಾರು ಮೂರು ವಾರ ಆ ಕಾಲಿಗೆ ಭಾರ ಕೂಡದು. ಕಾಲು ಇಳಿಬಿಡುವುದನ್ನೂ ಐದೈದು ನಿಮಿಷದಿಂದ ಶುರು ಮಾಡಬೇಕು. ಇಲ್ಲಿ ನಮ್ಮ ಘಟ್ಟದ ರಸ್ತೆಯೂ ಲೆಕ್ಕಕ್ಕೆ ಬರುತ್ತದೆ: ಕಾರವಾರದಿಂದ ಶಿರಸಿಗೆ ಗಂಟೆಗಟ್ಟಲೆ ಕಾಲು ಜೋತುಬಿಟ್ಟು ಬಸ್ಸಿನಲ್ಲಿ ಕೂತರೆ ಫ್ಲಾಪ್ ಊದಿಕೊಳ್ಳುತ್ತದೆ. ಕಾಲು ಚಾಚುವ ವಾಹನ ಸಿಗುವವರೆಗೆ ಡಿಸ್ಚಾರ್ಜ್ ಬೇಡ.

ಮೊದಲು ಹುಣ್ಣು ಮಾಡಿದ ಒತ್ತಡ ಹಾಗೇ ಇದ್ದರೆ ಫ್ಲಾಪೂ ಹುಣ್ಣಾಗುತ್ತದೆ. ಹಿಮ್ಮಡಿ ಮೂಳೆಯ ಗುಬುಟನ್ನು ಅದೇ ಶಸ್ತ್ರಕ್ರಿಯೆಯಲ್ಲಿ ಹೆರೆಯಬೇಕು. ಆಮೇಲೆ ಹವಾಯಿ ಚಪ್ಪಲಿಯಲ್ಲ, ಎಂಸಿಆರ್ (ಮೆತ್ತನೆಯ ರಬ್ಬರ್) ತಳದ, ಹಿಂಬದಿ ಪಟ್ಟಿಯಿರುವ ಚಪ್ಪಲಿ. ಮೊದಲ ದಿನ ಅರ್ಧ ಗಂಟೆ ತೊಟ್ಟು ತೆಗೆದು ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಒತ್ತಿದ ಗುರುತು 20 ನಿಮಿಷವಾದರೂ ಮಾಸದಿದ್ದರೆ ತಳ ತಿದ್ದಿಸಿ. ಮಳೆಗಾಲದ ಗದ್ದೆ ಕೆಸರು ಆ ವರ್ಷಕ್ಕೆ ಬೇಡ.