ಐದು ವ್ಯಾಟಿನ ವಾಕಿ-ಟಾಕಿ ಗುಡ್ಡ ದಾಟುತ್ತಾ?

ಪ್ರಶ್ನೆ: ನಮ್ಮ ತೋಟ ಸಕಲೇಶಪುರದ ಹತ್ತಿರ. ಮಳೆಗಾಲದಲ್ಲಿ ಕರೆಂಟ್ ಹೋದ ಎರಡನೇ ದಿನಕ್ಕೆ ಮೊಬೈಲ್ ಟವರೂ ಸಾಯುತ್ತದೆ. ಆನ್‌ಲೈನ್‌ನಲ್ಲಿ ಐದು ವ್ಯಾಟಿನ ವಾಕಿ-ಟಾಕಿ ಜೋಡಿ ನೋಡಿದೆ. ಒಂದನ್ನು ಹಾಸನದಲ್ಲಿರುವ ತಮ್ಮನಿಗೆ ಕೊಟ್ಟರೆ ತುರ್ತಿಗೆ ಆಗುತ್ತದಲ್ಲವೇ? ಅಥವಾ ಹತ್ತು ವ್ಯಾಟಿನದನ್ನೇ ತಗೊಳ್ಳಲೇ?

ಆಗುವುದಿಲ್ಲ. ಹತ್ತು ವ್ಯಾಟಿನದೂ ಆಗುವುದಿಲ್ಲ. ಜೂನ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಮ್ಮೆ ಮೂಡಿಗೆರೆಯಿಂದ, ಒಮ್ಮೆ ಸೋಮವಾರಪೇಟೆಯಿಂದ, ಈ ಸಲ ನಿಮ್ಮಿಂದ.

ಲೈಸೆನ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಆ ಸೆಟ್ಟಿನಲ್ಲಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ತರಂಗಗಳ ಮೇಲೆ ಮಾತಾಡಲು ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು, ಕೆಳದರ್ಜೆಯ ಪರವಾನಗಿಗೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಬೇಕಿಲ್ಲ. ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ. ಹೀಗೆ ಮಾರುವುದರ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಪರವಾನಗಿ ಬೇಡದ 446 ಮೆಗಾಹರ್ಟ್ಸ್‌ನ ಪುಟ್ಟ ಸೆಟ್ಟುಗಳೂ ಉಂಟು. ಕಾಫಿ ಕಣದಿಂದ ಗೇಟಿನವರೆಗೆ ಮಾತಾಡಲು ಧಾರಾಳ ಸಾಕು.

ಈಗ ಆ ವ್ಯಾಟಿನ ಭೂತ. ವ್ಯಾಟ್ ಹೆಚ್ಚಾದಷ್ಟೂ ದೂರ ಹೋಗುತ್ತದೆ ಎಂಬ ನಂಬಿಕೆಯನ್ನು ಎಷ್ಟು ತರಗತಿಗಳಲ್ಲಿ ಬಿಡಿಸಿದ್ದೇನೋ ಲೆಕ್ಕವಿಲ್ಲ. ನೀವು ನೋಡಿದ ಸೆಟ್ಟು ಕೆಲಸ ಮಾಡುವುದು ವಿಎಚ್‌ಎಫ್‌ನಲ್ಲಿ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸು. ಆ ತರಂಗ ಹೆಚ್ಚುಕಮ್ಮಿ ಟಾರ್ಚಿನ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ನಿಂತ ಮನುಷ್ಯನ ಕೈಯಲ್ಲಿರುವ ಸೆಟ್ಟಿಗೆ ಬಯಲಿನಲ್ಲೂ ದಿಗಂತ ಐದು ಕಿಲೋಮೀಟರಿಗೆ ಮುಗಿಯಿತು. ಆ ಕಡೆಯವರದೂ ಐದು ಸೇರಿಸಿ, ಹತ್ತಾಯಿತು. ಬಾಕ್ಸಿನ ಮೇಲೆ ಅಚ್ಚಾಗುವ ದೂರ ಈ ಬಯಲಿನ ಲೆಕ್ಕದ್ದು. ನಿಮ್ಮ ತೋಟದ ಹಿಂದಿನ ಗುಡ್ಡ ಅದರಲ್ಲಿಲ್ಲ.

ವ್ಯಾಟನ್ನು ದುಪ್ಪಟ್ಟು ಮಾಡಿದರೆ ಎದುರಿನ ಸೆಟ್ಟಿನ ಸಿಗ್ನಲ್ ಮೀಟರ್ ಅರ್ಧ ಗೆರೆ ಏರುತ್ತದೆ, ಅಷ್ಟೇ. ಬ್ಯಾಟರಿ ಮಾತ್ರ ಬೇಗ ಖಾಲಿ. ಇನ್ನೂ ಒಪ್ಪದಿದ್ದರೆ ಇದನ್ನು ಕೇಳಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವಾಗ, ಇದೇ ಐದು ವ್ಯಾಟಿನ ಸೆಟ್ಟಿಗೆ ಕೈಯಲ್ಲಿ ಹಿಡಿದು ಒಂದೇ ದಿಕ್ಕಿಗೆ ಗುರಿಯಿಡುವ ಪುಟ್ಟ ಯಾಗಿ ಆಂಟೆನಾ ಸಿಕ್ಕಿಸಿ ಅಲ್ಲಿಗೆ ಮಾತಾಡುವ ಹ್ಯಾಮ್‌ಗಳಿದ್ದಾರೆ. ನಡುವೆ ಏನೂ ಅಡ್ಡವಿಲ್ಲ ನೋಡಿ. ಅದೇ ಸೆಟ್ಟು ಹಿಡಿದು ಬಿಸಿಲೆಯ ಕಡೆ ಒಂದು ತಿರುವು ಇಳಿಯಿರಿ, ನಾಲ್ಕು ಕಿಲೋಮೀಟರ್ ದೂರದ ಗೆಳೆಯ ಮಾಯ! ಐದರ ಜಾಗದಲ್ಲಿ ಐವತ್ತು ವ್ಯಾಟ್ ಇಟ್ಟರೂ ಗುಡ್ಡ ಗುಡ್ಡವೇ.

ಹಾಗಾದರೆ ದಾರಿಯೇನು? ಗುಡ್ಡದ ತುದಿಯಲ್ಲಿ ರಿಪೀಟರ್ ಇದ್ದರೆ, ಅದು ಈ ಕಣಿವೆಯ ಮಾತು ಕೇಳಿಸಿಕೊಂಡು ಆ ಕಣಿವೆಗೆ ದಾಟಿಸುತ್ತದೆ. ಆದರೆ ಸಿಡಿಲಿಗೆ ಮೊದಲು ಬಲಿಯಾಗುವುದೂ ಅದೇ. ಇನ್ನೊಂದು ದಾರಿ ನನಗೆ ಹೆಚ್ಚು ಪ್ರೀತಿಯದು: ಎಚ್‌ಎಫ್. ಅಂದರೆ ವಿಎಚ್‌ಎಫ್‌ಗಿಂತ ತುಂಬಾ ಕಡಿಮೆ ಆವರ್ತನದ ತರಂಗ. ಇದಕ್ಕೆ ಬೇರೆಯೇ ಸೆಟ್ಟು ಬೇಕು. 7 ಮೆಗಾಹರ್ಟ್ಸ್‌ಗೆ ಸುಮಾರು 66 ಅಡಿ ತಂತಿಯನ್ನು ಮಧ್ಯೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿ, ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿ. ಮರದ ತುದಿಗೆ ಹತ್ತಬೇಡಿ, ಹದಿನೈದು ಅಡಿ ಸಾಕು. ತಂತಿ ತಗ್ಗಿನಲ್ಲಿದ್ದರೆ ತರಂಗ ನೇರ ಮೇಲಕ್ಕೆ ಹೋಗುತ್ತದೆ, ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳ ಎಂಬ ವಿದ್ಯುದಾವಿಷ್ಟ ಗಾಳಿಯ ಪದರಕ್ಕೆ ತಾಗಿ ಕೊಡೆ ಬಿಡಿಸಿದಂತೆ ಸುತ್ತಲೂ ಬೀಳುತ್ತದೆ. ಗುಡ್ಡಗಳ ತಲೆಯ ಮೇಲಿಂದ ಇಳಿದು ಬರುವುದರಿಂದ ಹಗಲಿನಲ್ಲಿ ಹಾಸನವೂ ಸಿಗುತ್ತದೆ, ಬೆಂಗಳೂರೂ ಸಿಗುತ್ತದೆ. ಕತ್ತಲಾದ ಮೇಲೆ 7 ಮೆಗಾಹರ್ಟ್ಸ್ ಹತ್ತಿರದವರನ್ನು ಬಿಟ್ಟು ದೂರದವರನ್ನು ಹಿಡಿಯತೊಡಗುತ್ತದೆ. ಆಗ 3.5ಕ್ಕೆ ಇಳಿಯಬೇಕು, ತಂತಿ ಇಮ್ಮಡಿ ಉದ್ದ. ಕರೆಂಟಿಗೆ ಜೀಪಿನ ಬ್ಯಾಟರಿ ಸಾಕು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದದ್ದು ಹವ್ಯಾಸಕ್ಕೆ, ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು. ದ್ವೀಪದ ಫೋನುಗಳು ಸತ್ತಾಗ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಮುದ್ರದಾಚೆಯ ಮುಖ್ಯಭೂಮಿಗೆ ಸುದ್ದಿ ದಾಟಿಸಿದ್ದು ಅದೇ ಸ್ಟೇಷನ್. ಆಂಟೆನಾ ಆಗಲೇ ಮೇಲಿತ್ತು, ಕೂತವರಿಗೆ ಕೈ ಪಳಗಿತ್ತು. ಕಪಾಟಿನಲ್ಲಿ ಪ್ಯಾಕ್ ಒಡೆಯದ ಸೆಟ್ಟು ಇಟ್ಟುಕೊಂಡವರು ಇದನ್ನು ಎರಡು ಸಲ ಓದಿಕೊಳ್ಳಲಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂಪರ್ಕ ಸಿಕ್ಕಿತು ಅನ್ನಿ, ಏನು ಮಾತಾಡುತ್ತೀರಿ? ತುರ್ತು ನೆಟ್ಟಿನಲ್ಲಿ, ಅಂದರೆ ಒಂದೇ ತರಂಗದ ಮೇಲೆ ಹಲವರು ಸೇರುವ ಕೂಟದಲ್ಲಿ, ಮಾತಿನ ಸರದಿ ನಡೆಸುವ ಒಬ್ಬರು ನೆಟ್ ಕಂಟ್ರೋಲ್ ಇರುತ್ತಾರೆ, ಅವರು ಕರೆದಾಗಲೇ ಬಾಯಿ ಬಿಡಬೇಕು. ಸಂದೇಶವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. "ಹೊಸಹಳ್ಳಿಗೆ ದೋಣಿ ಕಳಿಸಿ" ಅಂದರೆ ಯಾವ ಹೊಸಹಳ್ಳಿ? ತಾಲೂಕಿಗೊಂದಾದರೂ ಇದೆಯಲ್ಲ. ಹೋಬಳಿ, ತಾಲೂಕು ಸೇರಿಸಿಯೇ ಹೇಳಬೇಕು.

ಅಂಕಿಗಳ ಕಥೆ ಇನ್ನೂ ಮಜಾ. ನಮ್ಮ ಅಭ್ಯಾಸದ ನೆಟ್ಟಿನಲ್ಲಿ ಒಬ್ಬ ಹುಡುಗ "ಶಾಲೆಯಲ್ಲಿ ಎಪ್ಪತ್ತು ಜನ ಇದ್ದಾರೆ, ಊಟ ಬೇಕು" ಅಂದ. ಮಳೆಯ ಕರಕರ ಸದ್ದಿನಲ್ಲಿ ನಾನು ಬರೆದುಕೊಂಡದ್ದು ಇಪ್ಪತ್ತು. ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ. ಮೊದಲ ಅಕ್ಷರ ನುಂಗಿಹೋದರೆ ಎರಡೂ "ಪ್ಪತ್ತು". ಅಂದಿನಿಂದ ನಮ್ಮ ಗುಂಪಿನಲ್ಲಿ ಎಪ್ಪತ್ತು ಅನ್ನುವವರಿಲ್ಲ. "ಏಳು, ಸೊನ್ನೆ. ಮತ್ತೆ ಹೇಳುತ್ತೇನೆ, ಏಳು, ಸೊನ್ನೆ. ಓವರ್."