ಸದ್ದಿಲ್ಲದ ಬೇಸ್ ಅಭ್ಯಾಸ: ಪುಟ್ಟ ಎಫೆಕ್ಟ್ ಪೆಟ್ಟಿಗೆಯ ಟಿಪ್ಪಣಿ

ರಾತ್ರಿ ಹತ್ತರ ಮೇಲೆ ಬೇಸ್ ಗಿಟಾರ್ ಹಿಡಿಯುವವರಿಗಾಗಿ ಈ ಟಿಪ್ಪಣಿ. ಹಗಲೆಲ್ಲ ಕೆಲಸ, ಸಂಜೆ ಟ್ರಾಫಿಕ್, ಊಟ ಮುಗಿದ ಮೇಲೆ ಉಳಿಯುವುದು ಮುಕ್ಕಾಲು ಗಂಟೆ. ನನಗೂ ಸಿಗುವುದು ಅಷ್ಟೇ. ಬಾಡಿಗೆ ಮನೆ, ಕೆಳಗಡೆ ಓನರ್ ಮನೆ. ಆ ಹೊತ್ತಿಗೆ ಆಂಪ್, ಅಂದರೆ ಬೇಸಿನ ಸದ್ದು ದೊಡ್ಡದು ಮಾಡುವ ಯಂತ್ರ, ಹಾಕುವ ಮಾತೇ ಇಲ್ಲ.

ಮೊದಲ ಒಂದು ವರ್ಷ ನಾನು ಯಾವುದಕ್ಕೂ ಜೋಡಿಸದೆ, ಬರೀ ಬೇಸ್ ಇಟ್ಟುಕೊಂಡು ನುಡಿಸಿದೆ. ಅದು ತಪ್ಪು ದಾರಿ ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ನೀವು ಅಷ್ಟು ದಿನ ಕಳೆಯಬೇಕಿಲ್ಲ. ಅದಕ್ಕೇ ಮೊದಲು ಅಲ್ಲಿಂದ ಶುರು ಮಾಡುತ್ತೇನೆ.

ಬರೀ ಬೇಸ್ ನುಡಿಸಿದರೆ ಕೈ ಯಾಕೆ ಕೆಡುತ್ತದೆ

ವೀಣೆಗೆ ಹಲಸಿನ ಮರದ ಕೊಡ ಇರುತ್ತದೆ. ತಂತಿ ಮೀಟಿದರೆ ಆ ಟೊಳ್ಳಿನೊಳಗೆ ನಾದ ತುಂಬಿಕೊಂಡು ಹೊರಗೆ ಬರುತ್ತದೆ. ಎಲೆಕ್ಟ್ರಿಕ್ ಬೇಸಿಗೆ ಕೊಡ ಇಲ್ಲ. 1951ರಲ್ಲಿ ಲಿಯೋ ಫೆಂಡರ್ ತಂದ ಪ್ರಿಸಿಶನ್ ಬೇಸ್‌ನಿಂದ ಹಿಡಿದು ಇವತ್ತಿನ ಹೆಚ್ಚಿನ ಬೇಸ್‌ಗಳವರೆಗೆ ಮೈ ಅನ್ನುವುದು ಗಟ್ಟಿ ಮರದ ಹಲಗೆ. ತಂತಿಯ ಅದುರನ್ನು ಪಿಕಪ್ (ತಂತಿಯ ಕೆಳಗಿನ ಅಯಸ್ಕಾಂತದ ಸುರುಳಿ) ಹಿಡಿದು ಆಂಪ್‌ಗೆ ಕಳಿಸಿದಾಗಲೇ ಬೇಸಿಗೆ ದನಿ.

ಹಾಗಾಗಿ ಜೋಡಿಸದೆ ನುಡಿಸಿದರೆ ದಪ್ಪ ತಂತಿಯ ಸದ್ದು ನಮ್ಮ ಕಿವಿಗೇ ಸರಿಯಾಗಿ ಬೀಳುವುದಿಲ್ಲ. ಕೇಳಿಸಲಿ ಅಂತ ಬಲಗೈ ತಾನಾಗಿಯೇ ಜೋರಾಗಿ ಎಳೆಯುತ್ತದೆ. ದಿನಾ ಎಳೆದರೆ ಅದೇ ಅಭ್ಯಾಸವಾಗುತ್ತದೆ. ಆಮೇಲೆ ಆಂಪ್ ಮುಂದೆ ನಿಂತಾಗ ತಂತಿ ಫ್ರೆಟ್‌ಗೆ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿದು ಕಟಕಟ ಅನ್ನುತ್ತದೆ, ಬೆರಳು ಬೇಗ ಸುಸ್ತಾಗುತ್ತದೆ, ವೇಗ ಬರುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಾವು ತೆಳ್ಳಗಿನ ಜಿ ತಂತಿ ನುಡಿಸುತ್ತಿರುವಾಗ ದಪ್ಪನೆಯ ಇ ತಂತಿ ತಾನೇ ಮೆಲ್ಲಗೆ ಮೊಳಗುತ್ತಿರುತ್ತದೆ. ಬರೀ ಬೇಸಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಂಪಿನಲ್ಲಿ ಇದೇ ಎಲ್ಲವನ್ನೂ ರಾಡಿ ಮಾಡುತ್ತದೆ. ಬೇಸ್ ಕಲಿಕೆಯಲ್ಲಿ ಬೇಡದ ತಂತಿಯನ್ನು ಸುಮ್ಮನಿರಿಸುವುದು, ಅಂದರೆ ಮ್ಯೂಟಿಂಗ್, ಸ್ವರ ನುಡಿಸುವುದರಷ್ಟೇ ಮುಖ್ಯ. ಕೇಳಿಸದ ತಪ್ಪನ್ನು ತಿದ್ದುವುದು ಹೇಗೆ?

ಆಂಪನ್ನೇ ಸಣ್ಣಗೆ ಇಟ್ಟರೆ ಸಾಲದಾ?

ಸಾಲುವುದಿಲ್ಲ. ನಾಲ್ಕು ತಂತಿಯ ಬೇಸಿನ ಖಾಲಿ ಇ ತಂತಿ ಸುಮಾರು 41 ಹರ್ಟ್ಝ್. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಜಾಸ್ತಿ. ಇಂಥ ತಗ್ಗಿನ ಸದ್ದನ್ನು ಮಾಮೂಲಿ ಗೋಡೆ, ಬಾಗಿಲು ತಡೆಯುವುದು ಕಡಿಮೆ. ಆಂಪ್ ನೆಲದ ಮೇಲಿದ್ದರೆ ನೆಲವೂ ಅದುರಿ ಕೆಳಗಿನ ಮನೆಗೆ ಮುಟ್ಟಿಸುತ್ತದೆ. ಪಕ್ಕದ ಬೀದಿಯ ಪೆಂಡಾಲಿನ ಹಾಡಿನಲ್ಲಿ ಮಾತು ಕೇಳಿಸದಿದ್ದರೂ ದುಂ ದುಂ ಮಾತ್ರ ಮನೆಯೊಳಗೆ ಬರುತ್ತದಲ್ವಾ, ಅದೇ ಲೆಕ್ಕ.

ನಮ್ಮ ಕಿವಿಯದೂ ಒಂದು ಗುಣ ಇದೆ. ಸದ್ದು ಸಣ್ಣದಾದಷ್ಟೂ ತಗ್ಗಿನ ಸ್ವರಗಳು ಬೇಗ ಮರೆಯಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಅಮೆರಿಕದಲ್ಲಿ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಅಂದರೆ ಆಂಪ್ ಸಣ್ಣಗೆ ಇಟ್ಟರೆ ಕೆಳಗಿನ ಮನೆಯವರಿಗೆ ಗುಂಯ್ ಅನ್ನುವುದು ತಪ್ಪುವುದಿಲ್ಲ, ನಮಗೆ ಮಾತ್ರ ಬೇಸ್ ಸಾಲುವುದಿಲ್ಲ.

ಉಳಿಯುವ ದಾರಿ ಹೆಡ್‌ಫೋನ್. ಅದಕ್ಕೊಂದು ಪುಟ್ಟ ಪೆಟ್ಟಿಗೆ ಬೇಕು.

ಪೆಟ್ಟಿಗೆ

ನಾನು ಬಳಸುವುದು ಜಪಾನಿನ ಜೂಮ್ ಕಂಪನಿಯ ಬಿ1 ಫೋರ್. ಇದೇ ಬಗೆಯ ಬೇರೆ ಪೆಟ್ಟಿಗೆಗಳೂ ಇವೆ, ಮುಂದೆ ಹೇಳುವ ಮಾತು ಹೆಚ್ಚು ಕಡಿಮೆ ಎಲ್ಲಕ್ಕೂ ಒಗ್ಗುತ್ತದೆ. ಇದರೊಳಗೆ ಟ್ಯೂನರ್ ಇದೆ, 68 ಬಗೆಯ ಡ್ರಮ್ ತಾಳ ಇದೆ, ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ 30 ಸೆಕೆಂಡಿನ ಲೂಪರ್ ಇದೆ, ಫೋನಿನ ಹಾಡು ಸೇರಿಸಲು ಆಕ್ಸ್ ತೂತು ಇದೆ. ಎಫೆಕ್ಟ್‌ಗಳಲ್ಲಿ, ಅಂದರೆ ಬೇಸಿನ ದನಿ ಬದಲಿಸುವ ಸೌಲಭ್ಯಗಳಲ್ಲಿ, ಒಂದು ಸಲಕ್ಕೆ 5ರವರೆಗೆ ಸಾಲಾಗಿ ಜೋಡಿಸಬಹುದು. 4 ಎಎ ಸೆಲ್ ಹಾಕಿದರೆ ಸಾಕು, ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಸೆಲ್. ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ಬಿ1ಎಕ್ಸ್ ಫೋರ್ ಅನ್ನುವುದು ಇದರದೇ ಅಣ್ಣ, ಕಾಲಲ್ಲಿ ತುಳಿಯುವ ಪೆಡಲ್ ಒಂದು ಹೆಚ್ಚಿಗೆ ಇದೆ. ಮನೆ ಅಭ್ಯಾಸಕ್ಕೆ ಅದು ಬೇಕಿಲ್ಲ ಅಂತ ನನ್ನ ಅನಿಸಿಕೆ. ಆ ದುಡ್ಡನ್ನು ಹೆಡ್‌ಫೋನಿಗೆ ಹಾಕಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇದರ ಯುಎಸ್‌ಬಿ ತೂತಿನಿಂದ ಪವರ್ ಕೊಡಬಹುದು, ಕಂಪ್ಯೂಟರಿನ ಮೂಲಕ ಎಫೆಕ್ಟ್ ಬದಲಿಸಬಹುದು. ಆದರೆ ಬೇಸನ್ನು ನೇರ ಕಂಪ್ಯೂಟರಿಗೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಅದೇ ಮುಖ್ಯವಾದರೆ ಆಡಿಯೋ ಇಂಟರ್‌ಫೇಸ್ ತೆಗೆದುಕೊಳ್ಳಿ.

ಜೋಡಿಸುವಾಗ

ಬೇಸಿನ ಕೇಬಲ್ ಇನ್‌ಪುಟ್‌ಗೆ. ಹೆಡ್‌ಫೋನ್ ಔಟ್‌ಪುಟ್‌ಗೆ. ಆಂಪ್‌ಗೂ ಹೆಡ್‌ಫೋನಿಗೂ ಒಂದೇ ತೂತು, ಅದು ದಪ್ಪ ತೂತು. ನಿಮ್ಮ ಹೆಡ್‌ಫೋನಿನದು ಸಣ್ಣ ಪಿನ್ ಆಗಿದ್ದರೆ ನಡುವೆ ಒಂದು ಅಡಾಪ್ಟರ್ ಬೇಕು.

ಇಲ್ಲಿ ನಾನು ಒಂದು ವಾರ ಒದ್ದಾಡಿದೆ. ಎಡ ಕಿವಿಗೆ ಮಾತ್ರ ಸದ್ದು ಬರುತ್ತಿತ್ತು. ಪೆಟ್ಟಿಗೆಯೇ ಕೆಟ್ಟಿದೆ ಅಂದುಕೊಂಡೆ. ಕೊನೆಗೆ ನೋಡಿದರೆ ಅಂಗಡಿಯಲ್ಲಿ ಕೊಟ್ಟಿದ್ದು ಮೋನೋ ಅಡಾಪ್ಟರ್. ಪಿನ್ನಿನ ಮೇಲಿನ ಕಪ್ಪು ಪಟ್ಟಿ ಎಣಿಸಿ. ಒಂದು ಪಟ್ಟಿ ಇದ್ದರೆ ಮೋನೋ, ಎರಡಿದ್ದರೆ ಸ್ಟೀರಿಯೋ. ನಮಗೆ ಬೇಕಾಗಿದ್ದು ಎರಡು ಪಟ್ಟಿಯದು.

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಒಂದು ಎಣಿಕೆಯ ಕಾಲು ಭಾಗವೇ 125 ಮಿಲಿಸೆಕೆಂಡ್. ಅಂದರೆ ನೀವು ಒಂದು ಸ್ವರ ಮೀಟಿದ್ದು, ಮುಂದಿನ ಸ್ವರದ ಜಾಗದಲ್ಲಿ ಕೇಳಿಸುತ್ತದೆ. ಹಾಡು ಕೇಳಲು ಪರವಾಗಿಲ್ಲ, ತಾಳ ಕಲಿಯಲು ಆಗುವುದಿಲ್ಲ. ತಂತಿ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ಓಮ್ ಅನ್ನುವುದು ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ, 32 ಓಮ್ ಆಸುಪಾಸಿನದು ಸಾಕು. 250 ಓಮ್‌ನ ಸ್ಟುಡಿಯೋ ಹೆಡ್‌ಫೋನಿಗೆ ಇಂಥ ಪೆಟ್ಟಿಗೆಯಿಂದ ಸದ್ದು ಸಾಲದೆ ಹೋಗಬಹುದು.

ನಿಮ್ಮದು ಆಕ್ಟಿವ್ ಬೇಸ್ ಆಗಿದ್ದರೆ, ಅಂದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುವಂಥದ್ದು, ಅಭ್ಯಾಸ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿದ್ದರೆ ಆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಿರುತ್ತದೆ. ಗೋಡೆಯ ಅಡಾಪ್ಟರಿನಿಂದ ಗುಂಯ್ ಅನ್ನುವ ಸದ್ದು ಬಂದರೆ ಒಮ್ಮೆ ಸೆಲ್ ಹಾಕಿ ನೋಡಿ. ಸೆಲ್ಲಿನಲ್ಲಿ ನಿಂತರೆ ತಪ್ಪು ಅಡಾಪ್ಟರಿನದು, ನಿಲ್ಲದಿದ್ದರೆ ಬೇಸಿನ ಕಡೆ ಹುಡುಕಿ.

ಎರಡು ಎಫೆಕ್ಟ್ ಸಾಕು

ಪೆಟ್ಟಿಗೆ ಬಂದ ಮೊದಲ ದಿನ ಎಲ್ಲರೂ ಎಲ್ಲ ಪ್ಯಾಚ್, ಅಂದರೆ ಉಳಿಸಿಟ್ಟ ಸೌಂಡ್ ಜೋಡಣೆ, ತಿರುಗಿಸಿ ನೋಡುತ್ತಾರೆ. ನೋಡಿ, ಖುಷಿಪಡಿ. ಎರಡನೇ ದಿನದಿಂದ ಖಾಲಿ ಪ್ಯಾಚ್ ಒಂದನ್ನು ತೆಗೆದುಕೊಂಡು ನಿಮ್ಮದೇ ಅಭ್ಯಾಸದ ಸೌಂಡ್ ಕಟ್ಟಿ.

ಮೊದಲು ಒಂದು ಆಂಪ್ ಮಾಡೆಲ್, ಅಂದರೆ ಅಸಲಿ ಆಂಪಿನ ದನಿಯ ನಕಲು, ಹಾಕಿ. ಯಾಕೆ ಅಂತ ತಿಳಿದುಕೊಳ್ಳಬೇಕು. ನಿಜವಾದ ಬೇಸ್ ಸ್ಪೀಕರ್ ಪೆಟ್ಟಿಗೆಯಿಂದ 4-5 ಕಿಲೋಹರ್ಟ್ಝ್ ದಾಟಿದ ತೀಕ್ಷ್ಣ ಸದ್ದು ಅಷ್ಟಾಗಿ ಹೊರಗೆ ಬರುವುದಿಲ್ಲ. ಹೆಡ್‌ಫೋನ್ ಹಾಗಲ್ಲ, ಎಲ್ಲವನ್ನೂ ಕಿವಿಗೆ ಚುಚ್ಚುತ್ತದೆ. ಆಂಪ್ ಮಾಡೆಲ್ ಮತ್ತು ಅದರ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆಯ ನಕಲು) ಹಾಕಿದಾಗ ಆ ತೀಕ್ಷ್ಣತೆ ಕಡಿಮೆಯಾಗಿ, ಬೇಸ್ ಬೇಸಿನ ಹಾಗೆ ಕೇಳುತ್ತದೆ. ಎಸ್‌ವಿಟಿ ಅಂತ ಒಂದು ಮಾಡೆಲ್ ಇದೆ. ಅಸಲಿ ಎಸ್‌ವಿಟಿ 1969ರಲ್ಲಿ ಆಂಪೆಗ್ ಕಂಪನಿ ತಂದ 300 ವ್ಯಾಟಿನ ಆಂಪ್, ಎದೆಯೆತ್ತರದ, 8 ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂರುವಂಥದ್ದು. ಅದರ ನೆರಳನ್ನು ಹಾಸಿಗೆ ಮೇಲೆ ಕೂತು ಕೇಳುವುದು ನನಗೆ ಇವತ್ತಿಗೂ ಸಂತೋಷದ ವಿಷಯ.

ಈಕ್ವಲೈಸರಿನಲ್ಲಿ ತಗ್ಗಿನ ಗುಬುಟವನ್ನು ಏರಿಸಬೇಡಿ, ನಡುವೆಯೇ ಇರಲಿ. ನಡುವಿನ ದನಿ, ಸುಮಾರು 700-800 ಹರ್ಟ್ಝ್, ಸ್ವಲ್ಪ ಮೇಲಕ್ಕೆ. ಬೇಸಿನ ಟೋನ್ ಗುಬುಟ ಪೂರ್ತಿ ತೆರೆದಿರಲಿ. ಈ ಸೌಂಡ್ ಕೇಳಲು ಅಷ್ಟು ಹಿತವಲ್ಲ. ಆದರೆ ಬೆರಳು ಫ್ರೆಟ್‌ಗೆ ಸರಿಯಾಗಿ ಕೂತಿದೆಯಾ, ತಂತಿ ಕೆರೆಯುತ್ತಿದೆಯಾ, ಎಲ್ಲ ಎದ್ದು ಕಾಣುತ್ತದೆ. ತಗ್ಗಿನ ದನಿ ಜಾಸ್ತಿ ಇಟ್ಟ ದಪ್ಪ ಸೌಂಡ್ ನಮ್ಮ ತಪ್ಪುಗಳ ಮೇಲೆ ಕಂಬಳಿ ಹೊದಿಸುತ್ತದೆ.

ಎರಡನೆಯದು ಕಂಪ್ರೆಸರ್. ಇದು ಜೋರಾದ ಸ್ವರವನ್ನು ತಗ್ಗಿಸಿ, ಒಟ್ಟು ಮಟ್ಟವನ್ನು ಏರಿಸುತ್ತದೆ. ಹೀಗಾಗಿ ಮೆಲ್ಲಗಿನ ಸದ್ದುಗಳು ಮುಂದೆ ಬರುತ್ತವೆ. ಹೆಚ್ಚಿನವರು ಇದನ್ನು ಸೌಂಡ್ ಸಮ ಮಾಡಲು ಸದಾ ಹಾಕಿಟ್ಟುಕೊಳ್ಳುತ್ತಾರೆ. ಅಭ್ಯಾಸದಲ್ಲಿ ಹಾಗೆ ಮಾಡಿದರೆ ಬೆರಳು ಸಮ ಮಾಡಬೇಕಾದ್ದನ್ನು ಪೆಟ್ಟಿಗೆ ಮಾಡಿಬಿಡುತ್ತದೆ. ನಾನು ಬಳಸುವ ರೀತಿ ಬೇರೆ. ಮೊದಲ ಹತ್ತು ನಿಮಿಷ ಕಂಪ್ರೆಸರನ್ನು ಬೇಕೆಂದೇ ಜಾಸ್ತಿ ಇಡುತ್ತೇನೆ. ಆಗ ಮೊಳಗುತ್ತಿರುವ ಖಾಲಿ ತಂತಿ, ಬೆರಳೆತ್ತುವಾಗಿನ ಟಿಕ್ ಸದ್ದು, ಎಲ್ಲ ಭೂತಗನ್ನಡಿಯಲ್ಲಿ ಕಂಡ ಹಾಗೆ ಕೇಳುತ್ತವೆ. ಮ್ಯೂಟಿಂಗ್ ತಿದ್ದಿಕೊಳ್ಳುವುದು ಆಗ. ಆಮೇಲೆ ಕಂಪ್ರೆಸರ್ ಪೂರ್ತಿ ಆಫ್. ಉಳಿದ ಹೊತ್ತೆಲ್ಲ ತೋರುಬೆರಳು, ನಡುಬೆರಳು ಎರಡೂ ಒಂದೇ ತೂಕದಲ್ಲಿ ಮೀಟುತ್ತಿವೆಯಾ ಅಂತ ಕೇಳುವುದು. ಹೆಡ್‌ಫೋನಿನಲ್ಲಿ ಸದ್ದು ಧಾರಾಳವಾಗಿ ಸಿಗುವುದರಿಂದ ಕೈ ಹಗುರ ಮಾಡಿ. ಸಾಲದಿದ್ದರೆ ಗುಬುಟ ತಿರುಗಿಸಿ, ಬೆರಳಿಗೆ ಬಲ ಹಾಕಬೇಡಿ.

ರಿವರ್ಬ್, ಕೋರಸ್, ಡಿಸ್ಟಾರ್ಶನ್ ಎಲ್ಲ ಆಮೇಲೆ.

ಸರಳೆ ವರಸೆ ಮತ್ತು ಲೂಪರ್

ನಮ್ಮಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಒಂದಿಷ್ಟು ಸಂಗೀತ ಪಾಠಕ್ಕೆ ಹೋದವರೇ. ಆ ಸರಳೆ ವರಸೆ ಬೇಸಿಗೆ ತುಂಬಾ ಒಳ್ಳೆಯ ಸಾಧನೆ. ಮಾಯಾಮಾಳವಗೌಳದ ಸ್ವರಗಳು ಕೈಯನ್ನು ಚೆನ್ನಾಗಿ ಪಳಗಿಸುತ್ತವೆ, ಒಮ್ಮೆ ಪಕ್ಕದ ಫ್ರೆಟ್, ಒಮ್ಮೆ ದೂರದ ಜಿಗಿತ.

ಸಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಎ ತಂತಿಯ 3ನೇ ಫ್ರೆಟ್ ಸ, 4ನೇ ಫ್ರೆಟ್ ರಿ. ಡಿ ತಂತಿಯ 2ನೇ ಫ್ರೆಟ್ ಗ, 3 ಮ, 5 ಪ. ಜಿ ತಂತಿಯ 1ನೇ ಫ್ರೆಟ್ ದ, 4 ನಿ, 5 ಮೇಲಿನ ಸ. ಗ ಹಿಡಿಯುವ ಹೊತ್ತಿಗೆ ಎ ತಂತಿಯಲ್ಲಿ ರಿ ಸ್ವರದ ಸದ್ದು ನಿಂತಿರಬೇಕು. ಮೇಲೆ ಹೇಳಿದ ಮ್ಯೂಟಿಂಗ್ ಪರೀಕ್ಷೆ ಇಲ್ಲೇ.

ಪೆಟ್ಟಿಗೆಯ ತಾಳವನ್ನು ನಿಮಿಷಕ್ಕೆ 60ಕ್ಕೆ ಇಡಿ, ಮಾಮೂಲಿ ನಾಲ್ಕರ ನಡೆ. ಅದರ ಎರಡು ಸುತ್ತು ಸೇರಿದರೆ ಆದಿತಾಳದ 8 ಎಣಿಕೆ, ಒಂದು ಆವರ್ತ. ಒಂದನೇ ಕಾಲದಲ್ಲಿ ಆರೋಹಣ ಒಂದು ಆವರ್ತ, ಅವರೋಹಣ ಇನ್ನೊಂದು. ಒಟ್ಟು 16 ಸೆಕೆಂಡ್. ಲೂಪರಿನ 30 ಸೆಕೆಂಡಿನೊಳಗೆ ಆರಾಮಾಗಿ ಹಿಡಿಸುತ್ತದೆ. ನುಡಿಸಿ, ಲೂಪ್ ಮಾಡಿ, ಬೇಸನ್ನು ಪಕ್ಕಕ್ಕಿಟ್ಟು ಬರೀ ಕೇಳಿ. ನುಡಿಸುವಾಗ ಸರಿಯಾಗಿದೆ ಅನ್ನಿಸಿದ್ದು ಕೇಳುವಾಗ ಹಾಗಿರುವುದಿಲ್ಲ. ನನ್ನದು ಅವರೋಹಣದಲ್ಲಿ ಪ್ರತಿ ಸಲ ಓಡುತ್ತಿತ್ತು. ತಿಂಗಳುಗಟ್ಟಲೆ ನುಡಿಸಿದರೂ ಗೊತ್ತಾಗದ್ದು ಒಂದೇ ರಾತ್ರಿ ಗೊತ್ತಾಯಿತು.

ಆಮೇಲೆ ಆ ಲೂಪಿನ ಮೇಲೆಯೇ ಎರಡನೇ ಕಾಲ ನುಡಿಸಿ, ಅಂದರೆ ಎಣಿಕೆಗೆ ಎರಡು ಸ್ವರ. ಮೊದಲ ಲೂಪ್ ಓಡಿದ್ದರೆ ಎರಡನೇ ಕಾಲ ಅದರ ಮೇಲೆ ಕೂರುವುದೇ ಇಲ್ಲ. ಮತ್ತೆ ಮೊದಲಿಂದ ಲೂಪ್ ಮಾಡಿ.

ಡ್ರಮ್ ಜೊತೆ ನುಡಿಸುವಾಗ ಕಿಕ್ ಡ್ರಮ್ಮಿನ ದುಂ ಕಡೆ ಕಿವಿ ಇರಲಿ. ನೀವು ಕೊಂಚ ಮುಂಚೆಯೋ ತಡವಾಗಿಯೋ ಮೀಟಿದರೆ ಎರಡು ಸದ್ದು ಬೇರೆ ಬೇರೆ ಕೇಳುತ್ತವೆ. ಸರಿಯಾಗಿ ಬಿದ್ದಾಗ ಕಿಕ್ ನಿಮ್ಮ ಸ್ವರದೊಳಗೆ ಅಡಗಿಬಿಡುತ್ತದೆ, ಎರಡೂ ಸೇರಿ ಒಂದೇ ಏಟು. ಅದು ಮೊದಲ ಸಲ ಸಿಕ್ಕಾಗ ಮೈ ಜುಂ ಅನ್ನುತ್ತದೆ.

ಆಕ್ಸಿಗೆ ಫೋನ್ ಜೋಡಿಸಿ ಹಾಡಿನ ಜೊತೆ ನುಡಿಸುವುದೂ ಬೇಕು. ಹಾಡಿನ ಸದ್ದನ್ನು ಫೋನಿನಲ್ಲೇ ಏರಿಸಿ ಇಳಿಸಿ. ಮೊದಲು ನಿಮ್ಮ ಬೇಸ್ ಸ್ವಲ್ಪ ಮುಂದಿರಲಿ. ಹಾಡು ಜೋರಾದರೆ ಅದರೊಳಗಿನ ಬೇಸ್ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ.

ಕಿವಿ ಮತ್ತು ಕಾಲು

ತಗ್ಗಿನ ಸ್ವರ ಸಾಲದು ಅಂತ ಹೆಡ್‌ಫೋನ್ ಏರಿಸುತ್ತಾ ಹೋಗುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು ಏರಿದಂತೆ ಆ ಗಂಟೆಗಳು ಬೇಗ ಇಳಿಯುತ್ತವೆ. ಮನೆಯಲ್ಲಿ ಅಳೆಯುವುದು ಕಷ್ಟ. ನಾನು ಮಾಡುವುದು ಇಷ್ಟು: ಶುರುವಿನಲ್ಲಿ ಒಂದು ಮಟ್ಟ ಇಟ್ಟರೆ ಆಮೇಲೆ ಏರಿಸುವುದಿಲ್ಲ. ಅರ್ಧ ಗಂಟೆಗೊಮ್ಮೆ ತೆಗೆದಿಟ್ಟು ನೀರು ಕುಡಿದು ಬರುತ್ತೇನೆ. ಕಿವಿಯಲ್ಲಿ ಕುಂಯ್ ಅಂದರೆ ಅವತ್ತಿಗೆ ಮುಗಿಯಿತು.

ಕಾಲಿನ ವಿಷಯ ಮರೆಯಬೇಡಿ. ಹೆಡ್‌ಫೋನ್ ಹಾಕಿ ನಾವು ನಿಶ್ಶಬ್ದವಾಗಿದ್ದೇವೆ ಅಂದುಕೊಂಡು ಹಿಮ್ಮಡಿಯಲ್ಲಿ ತಾಳ ಹಾಕುತ್ತಿರುತ್ತೇವೆ. ಕೆಳಗಿನ ಮನೆಯವರಿಗೆ ಅದೊಂದೇ ಕೇಳುವುದು, ಟಕ್ ಟಕ್ ಅಂತ. ಕಾಲ ಕೆಳಗೆ ದಪ್ಪನೆಯ ಜಮಖಾನ ಮಡಿಸಿ ಹಾಸಿ, ಇಲ್ಲವೇ ಹಿಮ್ಮಡಿ ಬಿಟ್ಟು ಹೆಬ್ಬೆರಳಲ್ಲಿ ತಾಳ ಹಾಕಿ.

ಅದೇ ಪೆಟ್ಟಿಗೆ ಆಂಪ್‌ಗೆ ಹೋದಾಗ

ಭಾನುವಾರ ಮಧ್ಯಾಹ್ನ ಸ್ನೇಹಿತರ ಜೊತೆ ನುಡಿಸಲು ಇದೇ ಪೆಟ್ಟಿಗೆ ಒಯ್ದಾಗ ರಾತ್ರಿಯ ಪ್ಯಾಚನ್ನೇ ಹಾಕಿದರೆ ಸೌಂಡ್ ಮಂಕಾಗುತ್ತದೆ. ಪೆಟ್ಟಿಗೆಯೊಳಗಿನ ನಕಲಿ ಕ್ಯಾಬಿನೆಟ್ ಒಮ್ಮೆ, ಎದುರಿಗಿರುವ ಅಸಲಿ ಸ್ಪೀಕರ್ ಇನ್ನೊಮ್ಮೆ, ಎರಡು ಸಲ ಸೋಸಿದ ಹಾಗೆ. ಅದಕ್ಕೆ ಇನ್ನೊಂದು ಪ್ಯಾಚ್ ಮಾಡಿಟ್ಟುಕೊಳ್ಳಿ, ಆಂಪ್ ಮಾಡೆಲ್ ಇಲ್ಲದ್ದು, ಬರೀ ಬೇಸ್ ಮತ್ತು ಟ್ಯೂನರ್. 50 ಪ್ಯಾಚ್ ಉಳಿಸಿಡುವ ಜಾಗ ಇದೆ. ನಾನು ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ, ಒಂದಕ್ಕೆ ರಾತ್ರಿ ಅಂತ, ಇನ್ನೊಂದಕ್ಕೆ ಭಾನುವಾರ ಅಂತ ಹೆಸರು ಕೊಟ್ಟು.