ಏಳು ಕುಳ್ಳರಿಗೆ ನಿಜವಾದ ನಟರು ಯಾಕೆ ಸಿಗಲಿಲ್ಲ?

ಪ್ರಶ್ನೆ: ಡಿಸ್ನಿ ಕಂಪನಿಯ ಹೊಸ ಸ್ನೋ ವೈಟ್ ಸಿನಿಮಾದಲ್ಲಿ ರಾಜಕುಮಾರಿ ನಿಜವಾದ ನಟಿ, ರಾಣಿ ನಿಜವಾದ ನಟಿ. ಏಳು ಕುಳ್ಳರು ಮಾತ್ರ ಕಂಪ್ಯೂಟರ್ ಗ್ರಾಫಿಕ್ಸ್. ಅವರಿಗೂ ನಟರನ್ನೇ ಹಾಕಬಹುದಿತ್ತಲ್ವಾ? ದುಡ್ಡು ಉಳಿಸೋಕೆ ಹೀಗೆ ಮಾಡಿದರಾ?

ಉತ್ತರ: ದುಡ್ಡು ಉಳಿಸೋಕಂತೂ ಅಲ್ಲ. ಮುಖದ ಒಂದೊಂದು ಸುಕ್ಕು, ಗಡ್ಡದ ಒಂದೊಂದು ಕೂದಲು, ಅದರ ಮೇಲೆ ಬೀಳುವ ದೀಪದ ಬೆಳಕು, ಎಲ್ಲವನ್ನೂ ಕೂತು ಮಾಡಬೇಕು, ಅದೂ ಒಂದಲ್ಲ ಏಳು ಪಾತ್ರಗಳಿಗೆ. ಏಳು ಜನ ನಟರಿಗೆ ಸಂಬಳ ಕೊಡುವುದು ಇದಕ್ಕಿಂತ ಎಷ್ಟೋ ಅಗ್ಗ. ಡಿಸ್ನಿ ಜಾಸ್ತಿ ಖರ್ಚಿನ ದಾರಿ ಹಿಡಿದದ್ದು ಹೆದರಿಕೆಯಿಂದ ಎಂದು ನನ್ನ ಅನಿಸಿಕೆ.

ನಡೆದದ್ದು ಹೀಗೆ. 2021ರಲ್ಲಿ ರೇಚಲ್ ಜೆಗ್ಲರ್ ನಾಯಕಿ ಎಂದು ಸುದ್ದಿ ಬಂತು. 2022ರ ಜನವರಿಯಲ್ಲಿ ಪೀಟರ್ ಡಿಂಕ್ಲೇಜ್ ಒಂದು ಪಾಡ್‌ಕಾಸ್ಟ್‌ನಲ್ಲಿ ನೇರವಾಗಿ ಕೇಳಿಬಿಟ್ಟರು: ಲ್ಯಾಟಿನ್ ಅಮೆರಿಕನ್ ಮೂಲದ ಹುಡುಗಿಯನ್ನು ಆರಿಸಿದೆವು ಎಂದು ಹೆಮ್ಮೆ ಪಡುತ್ತೀರಿ, ಆದರೆ ಗುಹೆಯಲ್ಲಿ ಒಟ್ಟಿಗೆ ಬದುಕುವ ಏಳು ಕುಳ್ಳರ ಅದೇ ಹಳೇ ಕತೆಯನ್ನು ಇನ್ನೂ ಹೇಳುತ್ತಿದ್ದೀರಲ್ಲ, ಇದೇನಿದು? ಡಿಂಕ್ಲೇಜ್ ಯಾರು ಗೊತ್ತಲ್ಲ, 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿಯ ಟಿರಿಯನ್. ಹುಟ್ಟಿನಿಂದಲೇ ಕುಬ್ಜತೆ ಇರುವ ನಟ. ಹಾಗಾಗಿ ಮಾತಿಗೆ ತೂಕ ಇತ್ತು. ಡಿಸ್ನಿ ಕೂಡಲೇ ಹೇಳಿಕೆ ಕೊಟ್ಟಿತು: ಹಳೆಯ ಅಚ್ಚಿನಲ್ಲಿ ಮತ್ತೆ ಎರಕ ಹೊಯ್ಯುವುದಿಲ್ಲ, ಈ ಏಳು ಪಾತ್ರಗಳನ್ನು ಬೇರೆ ರೀತಿ ತೋರಿಸುತ್ತೇವೆ, ಕುಬ್ಜತೆ ಇರುವವರ ಜೊತೆ ಮಾತಾಡುತ್ತಿದ್ದೇವೆ ಎಂದು.

ಆಗ ಇನ್ನೊಂದು ಕಡೆಯಿಂದ ಸಿಟ್ಟು ಬಂತು. ಅದೇ ದೇಹದ ಬೇರೆ ಕೆಲವು ನಟರು, "ಸ್ವಾಮಿ, ನಮಗೆ ಸಿಗುವುದೇ ನಾಲ್ಕು ಪಾತ್ರ, ಅದರಲ್ಲಿ ಏಳನ್ನು ಕಿತ್ತುಕೊಂಡರೆ ಹೇಗೆ?" ಎನ್ನುವ ಧಾಟಿಯಲ್ಲಿ ಮಾತಾಡಿದರು. (ಲೆಕ್ಕ ನನ್ನದು, ಸಂಕಟ ಅವರದು.) ಎರಡೂ ಕಡೆ ನ್ಯಾಯ ಇದೆ. ಒಳ್ಳೆ ಪಾತ್ರಗಳು ಸಿಗುವ ನಟನಿಗೆ ಈ ಕತೆ ಅವಮಾನ. ಇನ್ನೂ ಅವಕಾಶಕ್ಕೆ ಕಾಯುತ್ತಿರುವ ನಟನಿಗೆ ಅದೇ ಕತೆ ಒಂದು ವರ್ಷದ ಊಟ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕಂಪನಿ ಕಂಪ್ಯೂಟರಿನ ಮೊರೆ ಹೋಯಿತು. 2023ರ ಅಕ್ಟೋಬರ್‌ನಲ್ಲಿ ಮೊದಲ ಫೋಟೋ ಬಿಟ್ಟಾಗ ಏಳೂ ಜನ ಗ್ರಾಫಿಕ್ಸ್ ಎಂದು ಎಲ್ಲರಿಗೂ ಗೊತ್ತಾಯಿತು. ಬಿಡುಗಡೆಯೂ ಒಂದು ವರ್ಷ ಮುಂದೆ ಹೋಗಿ 2025ರ ಮಾರ್ಚ್‌ಗೆ ಬಂತು. ನನ್ನ ಪ್ರಕಾರ ಹಾವೂ ಸಾಯಲಿಲ್ಲ, ಕೋಲಂತೂ ಮುರಿಯಿತು. ಹಳೆಯ ಅಚ್ಚು ಬೇಡ ಎಂದವರಿಗೆ ಅದೇ ದಪ್ಪ ಮೂಗಿನ, ಅಗಲ ಕಿವಿಯ, ಡಿಸ್ನಿಯದೇ 1937ರ ಕಾರ್ಟೂನ್ ಸಿನಿಮಾದ ಮುಖಗಳೇ ಸಿಕ್ಕವು. ಕೆಲಸ ಬೇಕು ಎಂದವರಿಗೆ ಆ ಏಳು ಪಾತ್ರಗಳಲ್ಲಿ ಮುಖ ತೋರಿಸುವ ಕೆಲಸ ಸಿಗಲಿಲ್ಲ.

ಇನ್ನು ಆ ಮುಖಗಳು ಯಾಕೆ ಅಷ್ಟು ವಿಚಿತ್ರವಾಗಿ ಕಂಡವು ಅನ್ನುವುದು. ಜಪಾನಿನಲ್ಲಿ ರೋಬೊಟ್‌ಗಳ ಬಗ್ಗೆ ಕೆಲಸ ಮಾಡುತ್ತಿದ್ದ ಮಸಾಹಿರೊ ಮೋರಿ ಎಂಬ ಪ್ರೊಫೆಸರ್ 1970ರಲ್ಲಿ ಒಂದು ಲೇಖನ ಬರೆದರು. ಗೊಂಬೆ ಮನುಷ್ಯನ ಥರ ಕಾಣುತ್ತಾ ಹೋದಷ್ಟೂ ನಮಗೆ ಇಷ್ಟವಾಗುತ್ತದೆ, ಆದರೆ ಇನ್ನೇನು ಮನುಷ್ಯನೇ ಅನ್ನುವಷ್ಟು ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪಿದರೆ ಇಷ್ಟ ಇದ್ದದ್ದು ಸಟ್ಟನೆ ಅಸಹ್ಯಕ್ಕೆ ಜಾರುತ್ತದೆ ಎಂಬುದು ಅವರ ವಾದ. ಹಳೆಯ ಪೆನ್ಸಿಲ್ ಚಿತ್ರದಲ್ಲಿ ಏಳು ಕುಳ್ಳರಲ್ಲೊಬ್ಬನಾದ ಡೋಪಿಯ ಕಿವಿ ಎಷ್ಟು ದೊಡ್ಡದಿದ್ದರೂ ನಮಗೆ ತೊಂದರೆಯಿಲ್ಲ, ಯಾಕೆಂದರೆ ಅವನ ಸುತ್ತ ಇರುವುದೆಲ್ಲ ಪೆನ್ಸಿಲ್ಲೇ. ಅದೇ ಕಿವಿಗೆ ಚರ್ಮ, ಚರ್ಮಕ್ಕೆ ರಂಧ್ರ, ಒಳಗೆ ರಕ್ತ ಹರಿಯುವ ಹಾಗೆ ಕೆಂಪು ಛಾಯೆ ಎಲ್ಲ ಕೊಟ್ಟು, ಉಸಿರಾಡುವ ಒಬ್ಬ ಹುಡುಗಿಯ ಪಕ್ಕ ನಿಲ್ಲಿಸಿದರೆ ಕಣ್ಣು ಗಲಿಬಿಲಿಗೊಳ್ಳುತ್ತದೆ. ಇದು ಚಿತ್ರವೋ ಮನುಷ್ಯನೋ?

ಇದರ ಉಲ್ಟಾ ತಪ್ಪೂ ಇದೆ. 2019ರ 'ಲಯನ್ ಕಿಂಗ್'ನಲ್ಲಿ ಸಿಂಹಗಳು ಎಷ್ಟು ನಿಜ ಅಂದರೆ ಮುಖದಲ್ಲಿ ಭಾವನೆಯೇ ಮೂಡಲಿಲ್ಲ. ಅಪ್ಪ ಸತ್ತಾಗಲೂ ಮರಿಯದು ಹೆಚ್ಚುಕಮ್ಮಿ ಅದೇ ಮುಖ. ಪಾಪ, ನಿಜವಾದ ಸಿಂಹದ ಮುಖ ಇರುವುದೇ ಹಾಗೆ. ಆ ಸಿನಿಮಾ 160 ಕೋಟಿ ಡಾಲರ್ ದಾಟಿತು ಬಿಡಿ. ಹಾಗಾಗಿ ಗ್ರಾಫಿಕ್ಸ್ ಸರಿಯಿಲ್ಲ ಅಂದಕೂಡಲೇ ಸಿನಿಮಾ ಬಿದ್ದೇಹೋಗುತ್ತದೆ ಎಂದೇನಿಲ್ಲ.

"ನಾಯಕಿಯ ಮೈಬಣ್ಣದ ಜಗಳವೂ ಇದೇ ಅಲ್ವಾ?" ಎಂದು ಕೆಲವರು ಕೇಳುತ್ತಾರೆ. ಪೂರ್ತಿ ಇದೇ ಅಲ್ಲ. 2023ರ 'ಲಿಟಲ್ ಮರ್ಮೇಡ್'ನಲ್ಲಿ ಮತ್ಸ್ಯಕನ್ಯೆ ಏರಿಯಲ್ ಆಗಿ ಕಪ್ಪು ನಟಿ ಹ್ಯಾಲಿ ಬೇಲಿ ಬಂದಾಗ ದೊಡ್ಡ ಗಲಾಟೆಯಾಯಿತು. ಆದರೆ ಆ ಕತೆ ನಿಂತಿರುವುದು ಅವಳ ದನಿಯ ಮೇಲೆ, ಚರ್ಮದ ಮೇಲಲ್ಲ. ಕಪ್ಪು ಹುಡುಗಿ ಹಾಡಿದರೆ ಕತೆಯ ಒಂದು ಎಳೆಯೂ ಅಲುಗುವುದಿಲ್ಲ. ಸ್ನೋ ವೈಟ್ ಸ್ವಲ್ಪ ಬೇರೆ. ಗ್ರಿಮ್ ಸಹೋದರರ ಕತೆಯಲ್ಲಿ ಮಗು ಹಿಮದಷ್ಟು ಬೆಳ್ಳಗೆ, ರಕ್ತದಷ್ಟು ಕೆಂಪಗೆ, ಕರಿಮರದಷ್ಟು ಕಪ್ಪಗೆ ಇರಬೇಕು ಎಂದು ತಾಯಿ ಬಯಸುತ್ತಾಳೆ, ಹೆಸರು ಬಂದದ್ದೇ ಅಲ್ಲಿಂದ. ಹೊಸ ಸಿನಿಮಾದವರು ಹಿಮದ ಬಿರುಗಾಳಿಯಲ್ಲಿ ಹುಟ್ಟಿದ್ದಕ್ಕೆ ಆ ಹೆಸರು ಎಂದು ಬದಲಿಸಿಕೊಂಡರು. ಸಣ್ಣ ತೇಪೆ, ಕೆಲಸ ಮಾಡುತ್ತದೆ. ಕುಳ್ಳರ ವಿಷಯದಲ್ಲಿ ಇಂಥ ತೇಪೆ ಸಾಧ್ಯವಿಲ್ಲ, ಅಲ್ಲಿ ದೇಹವೇ ಹೆಸರು.

ಹಾಗಾದರೆ ಬೇರೆ ದಾರಿ ಇರಲೇ ಇಲ್ವಾ? ಇತ್ತು. 2012ರಲ್ಲಿ ಇದೇ ಕತೆಯ ಎರಡು ಸಿನಿಮಾ ಬಂದವು. ಒಂದರಲ್ಲಿ, ಅಂದರೆ 'ಸ್ನೋ ವೈಟ್ ಆ್ಯಂಡ್ ದಿ ಹಂಟ್ಸ್‌ಮನ್'ನಲ್ಲಿ, ಮಾಮೂಲಿ ಎತ್ತರದ ಹೆಸರಾಂತ ನಟರನ್ನೇ ಟ್ರಿಕ್ ಮಾಡಿ ಕುಳ್ಳಗಾಗಿಸಿದರು, ಅದಕ್ಕೆ ವಿರೋಧವೂ ಬಂತು. ಇನ್ನೊಂದು ತರ್ಸೇಮ್ ಸಿಂಗ್ ಅವರ 'ಮಿರರ್ ಮಿರರ್'. ಅದರಲ್ಲಿ ಕುಬ್ಜತೆ ಇರುವ ಏಳು ನಟರೇ ಇದ್ದರು, ಸ್ಪ್ರಿಂಗಿನಂಥ ಮರಗಾಲು ಕಟ್ಟಿಕೊಂಡು ದಾರಿಹೋಕರನ್ನು ದೋಚುವ ಕಳ್ಳರಾಗಿ. ಮುದ್ದು ಮುದ್ದಾಗಿ ಗುದ್ದಲಿ ಹೊತ್ತು ಹಾಡುವ ಮುದುಕರಲ್ಲ, ಒಬ್ಬೊಬ್ಬನಿಗೂ ಒಂದೊಂದು ಕೊಬ್ಬು. ಸಿನಿಮಾ ಮಹಾ ಏನಲ್ಲ, ಆದರೆ ಆ ಏಳು ಜನ ಬಂದಾಗಲೆಲ್ಲ ನಾನು ನೆಟ್ಟಗೆ ಕೂತು ನೋಡಿದ್ದೇನೆ. ಅಂದರೆ ಪಾತ್ರವನ್ನು ಬದಲಿಸಿ ನಟರನ್ನು ಉಳಿಸಿಕೊಂಡರು. ಡಿಸ್ನಿ ಪಾತ್ರವನ್ನು ಉಳಿಸಿಕೊಂಡು ನಟರನ್ನು ಬಿಟ್ಟಿತು.

ಆ ಏಳು ಕಳ್ಳರಲ್ಲಿ ಬುಚರ್ ಎಂಬುವನಾಗಿ ನಟಿಸಿದ್ದು ಮಾರ್ಟಿನ್ ಕ್ಲೆಬ್ಬಾ. 2025ರ ಸಿನಿಮಾದಲ್ಲೂ ಅವರಿದ್ದಾರೆ, ಸಿಡುಕ ಗ್ರಂಪಿಯ ಪಾತ್ರಕ್ಕೆ. ಹುಡುಕಬೇಡಿ, ಕಾಣಿಸುವುದಿಲ್ಲ. ತೆಗೆದುಕೊಂಡದ್ದು ಅವರ ದನಿಯನ್ನು.